ಎದೆಯಲ್ಲಿ ಏಳು ತಿಂಗಳ ಗಂಟು, ಒಣಗದ ಗಾಯ: ಟಿಬಿಯಾ, ಕ್ಯಾನ್ಸರಾ, ಬೇರೆ ಏನಾದರೂನಾ?

ಪ್ರಶ್ನೆ: ಡಾಕ್ಟ್ರೇ, ನನಗೆ 33 ವರ್ಷ. ಮದ್ದೂರಿನ ಹತ್ತಿರ ಹಳ್ಳಿ. ಗಾರ್ಮೆಂಟ್ಸ್‌ನಲ್ಲಿ ಟೈಲರ್ ಕೆಲಸ. ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳಿಗೆ ಮೂರೂವರೆ ವರ್ಷ, ಹಾಲು ಬಿಡಿಸಿ ಎರಡು ವರ್ಷ ಆಗುತ್ತಾ ಬಂತು. ಏಳು ತಿಂಗಳ ಹಿಂದೆ ಎಡಗಡೆ ಎದೆಯಲ್ಲಿ ಗಟ್ಟಿ ಗಂಟು ಬಂತು, ತುಂಬಾ ನೋವು. ಹಾಲು ಗಟ್ಟಿಯಾಗಿದೆ ಅಂದರು. ಮಾತ್ರೆ ಕೊಟ್ಟರು, ಹೋಗಲಿಲ್ಲ. ಕೀವಾಗಿದೆ ಅಂತ ಒಂದು ನರ್ಸಿಂಗ್ ಹೋಮ್‌ನಲ್ಲಿ ಎರಡು ಸಲ ಕೊಯ್ದರು. ಆ ಗಾಯ ಇವತ್ತಿಗೂ ಒಣಗಿಲ್ಲ, ಪಕ್ಕದಲ್ಲಿ ಇನ್ನೊಂದು ತೂತು ಬಿದ್ದಿದೆ. ಸ್ಕ್ಯಾನಿಂಗ್‌ನಲ್ಲಿ ಬೈ-ರ‍್ಯಾಡ್ಸ್ 4 ಅಂತ ಬಂದಾಗ ಮನೆಯವರೆಲ್ಲ ಅತ್ತುಬಿಟ್ಟರು. ಬಯಾಪ್ಸಿ ಆಯಿತು. ಗ್ರಾನ್ಯುಲೋಮ್ಯಾಟಸ್ ಮ್ಯಾಸ್ಟೈಟಿಸ್ ಅಂತ ಬರೆದಿದ್ದಾರೆ. ಒಬ್ಬ ಡಾಕ್ಟರ್ ಟಿಬಿ ಅಂತ ಮಾತ್ರೆ ಶುರು ಮಾಡಿದರು, ಐದು ವಾರ ಆಯಿತು. ಇನ್ನೊಬ್ಬರು ಸ್ಟೀರಾಯ್ಡ್ ಬೇಕು ಅಂತಾರೆ. ಮೂರನೆಯವರು ಎದೆಯನ್ನೇ ತೆಗೆಸಿಬಿಡಿ ಅಂದರು. ಕಾಲಿನ ಮೇಲೆ ಕೆಂಪು ಗಂಟುಗಳೂ ಬಂದಿವೆ. ಗ್ಯಾಸ್ಟ್ರಿಕ್‌ಗೆ ಒಂದು ವರ್ಷದಿಂದ ದಿನಾ ಮಾತ್ರೆ ತಗೊಳ್ತೀನಿ. ಅತ್ತೆ ನಂಜು ಅಂತ ಮೊಟ್ಟೆ, ಬದನೆಕಾಯಿ, ಮೊಸರು ಎಲ್ಲ ಬಿಡಿಸಿದ್ದಾರೆ. ಟಿಬಿ ಅಂದಮೇಲೆ ಮಗಳನ್ನು ನನ್ನ ಪಕ್ಕ ಮಲಗಿಸುತ್ತಿಲ್ಲ. ನಾನು ಏನು ಮಾಡಲಿ? ನನ್ನ ಮಕ್ಕಳಿಗೂ ಇದು ಬರುತ್ತಾ?
(ಹೆಸರು ಬೇಡ)

ಉತ್ತರ: ನಿಮ್ಮ ಪತ್ರ ಓದಿದೆ, ಜೊತೆಗೆ ಕಳಿಸಿದ ವರದಿಗಳನ್ನೂ ನೋಡಿದೆ. ಮೂವರು ಡಾಕ್ಟರು ಮೂರು ದಾರಿ ತೋರಿಸಿದ್ದಾರೆ. ಹಾಗಾದರೆ ನನಗೆ ಏನಾಗಿದೆ ಅಂತ ಯಾರಿಗೂ ಗೊತ್ತಿಲ್ಲವೇ ಅನ್ನುವ ಭಯ ನಿಮ್ಮದು. ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ. ಎದೆ ತೆಗೆಸುವುದಕ್ಕೆ ದಯವಿಟ್ಟು ಒಪ್ಪಬೇಡಿ.

ನಿಮ್ಮ ವರದಿಯಲ್ಲಿರುವ ಗ್ರಾನ್ಯುಲೋಮ್ಯಾಟಸ್ ಮ್ಯಾಸ್ಟೈಟಿಸ್ ಅಂದರೆ ಸ್ತನದ ಹಾಲಿನ ಗ್ರಂಥಿಗಳ ಸುತ್ತ ಬರುವ ಒಂದು ಉರಿಯೂತ. ಇದನ್ನು ಬೇರೆಯೇ ಕಾಯಿಲೆ ಅಂತ ವೈದ್ಯರು ಗುರುತಿಸಿದ್ದು 1972ರಲ್ಲಿ. ಹಾಗಾಗಿ ಇದು ವೈದ್ಯಶಾಸ್ತ್ರಕ್ಕೂ ಹೊಸದೇ. ಅಪರೂಪದ್ದು ಕೂಡ. ಎಷ್ಟೋ ಡಾಕ್ಟರುಗಳು ಇಂಥ ರೋಗಿಯನ್ನು ಒಬ್ಬರನ್ನೋ ಇಬ್ಬರನ್ನೋ ನೋಡಿರುತ್ತಾರೆ, ಅಷ್ಟೇ. ಎದೆಯ ಕಾಯಿಲೆಗಳನ್ನೇ ನೋಡುವ ನನ್ನಂಥವರ ಹತ್ತಿರ ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯಿಂದ ಹೆಣ್ಣುಮಕ್ಕಳು ಬರುತ್ತಲೇ ಇರುತ್ತಾರೆ. ಅವರು ಹೇಳುವ ಕಥೆ ಹೆಚ್ಚುಕಡಿಮೆ ನಿಮ್ಮದೇ. ವಯಸ್ಸು ಮೂವತ್ತರ ಆಸುಪಾಸು, ಕೊನೆಯ ಹೆರಿಗೆಯಾಗಿ ನಾಲ್ಕೈದು ವರ್ಷದೊಳಗೆ, ಒಂದು ಕಡೆ ಗಟ್ಟಿ ಗಂಟು, ಆಮೇಲೆ ಕೀವು, ಆಮೇಲೆ ಕೊಯ್ದ ಗಾಯ.

ಒಳಗೆ ಆಗುವುದು ಏನು? ಹಾಲು ಬಿಡಿಸಿದ ಮೇಲೂ ಗ್ರಂಥಿಗಳಲ್ಲಿ ಸ್ವಲ್ಪ ಹಾಲಿನಂಥ ದ್ರವ ಉಳಿದಿರುತ್ತದೆ. ಅದು ಕೊಳವೆಯಿಂದ ಸುತ್ತಲಿನ ಮಾಂಸಕ್ಕೆ ಜಿನುಗಿದರೆ, ನಮ್ಮ ರೋಗನಿರೋಧಕ ಶಕ್ತಿ ಅದನ್ನು ಹೊರಗಿನ ವಸ್ತು ಅಂದುಕೊಂಡು ಮೇಲೆ ಬೀಳುತ್ತದೆ. ಹಾಗೆ ಬಂದ ಜೀವಕೋಶಗಳು ಅಲ್ಲೇ ಗುಂಪು ಕಟ್ಟುತ್ತವೆ. ನಿಮ್ಮ ಕೈಗೆ ಗಂಟು ಅಂತ ಸಿಗುವುದು ಅದೇ. ಕೆಲವರಲ್ಲಿ ಕೊರಿನೆಬ್ಯಾಕ್ಟೀರಿಯಂ ಅನ್ನುವ, ಕೊಬ್ಬನ್ನು ಇಷ್ಟಪಡುವ ಒಂದು ಬ್ಯಾಕ್ಟೀರಿಯಾ ಕೂಡ ಸಿಗುತ್ತದೆ. ಅದು ಲ್ಯಾಬ್‌ನಲ್ಲಿ ಕ್ರಿಮಿ ಬೆಳೆಸಿ ನೋಡುವ ಮಾಮೂಲಿ ಕಲ್ಚರ್‌ನಲ್ಲಿ ನಿಧಾನವಾಗಿ ಬೆಳೆಯುತ್ತದೆ. ಲ್ಯಾಬ್‌ಗೆ ಮೊದಲೇ ಹೇಳದಿದ್ದರೆ ಎರಡು ದಿನಕ್ಕೆ 'ಏನೂ ಬೆಳೆದಿಲ್ಲ' ಅಂತ ವರದಿ ಬರುತ್ತದೆ. ಮಾಮೂಲಿ ಆಂಟಿಬಯಾಟಿಕ್‌ಗೆ ನಿಮ್ಮ ಗಂಟು ಬಗ್ಗದೇ ಇರುವುದಕ್ಕೆ ಕಾರಣ ಇಲ್ಲೇ ಇದೆ. ಒಂದೋ ಅಲ್ಲಿ ಬ್ಯಾಕ್ಟೀರಿಯಾವೇ ಇಲ್ಲ, ಇಲ್ಲವೇ ಇರುವ ಬ್ಯಾಕ್ಟೀರಿಯಾಕ್ಕೆ ಆ ಔಷಧಿ ನಾಟುವುದಿಲ್ಲ.

ಬೈ-ರ‍್ಯಾಡ್ಸ್ 4 ನೋಡಿ ಮನೆಯವರು ಅತ್ತರು ಅಂದಿರಿ. ಆ ಅಂಕಿಗೆ 'ಅನುಮಾನ ಇದೆ, ಬಯಾಪ್ಸಿ ಮಾಡಿ ನೋಡಿ' ಅಂತ ಮಾತ್ರ ಅರ್ಥ. ಈ ಕಾಯಿಲೆ ಸ್ಕ್ಯಾನಿಂಗ್‌ನಲ್ಲಿ ಥೇಟ್ ಕ್ಯಾನ್ಸರ್ ಥರಾನೇ ಕಾಣುತ್ತದೆ. ಎದೆ ಕೆಂಪಾಗಿ ಊದಿಕೊಳ್ಳುವ ಒಂದು ಬಗೆಯ ಕ್ಯಾನ್ಸರ್ ಕೂಡ ಇದೆ. ಅದಕ್ಕೇ ಬಯಾಪ್ಸಿ ಇಲ್ಲದೆ ಯಾರೂ ಖಚಿತವಾಗಿ ಹೇಳಬಾರದು. ನಿಮಗೆ ಮಾಡಿರುವುದು ದಪ್ಪ ಸೂಜಿಯ ಬಯಾಪ್ಸಿ, ಅದೇ ಸರಿಯಾದ ಪರೀಕ್ಷೆ. ಸೂಜಿ ಚುಚ್ಚಿದರೆ ಕಾಯಿಲೆ ಹರಡುತ್ತದೆ ಅನ್ನುವ ಮಾತು ನಮ್ಮ ಕಡೆ ಬಹಳ ಕೇಳಿಬರುತ್ತದೆ. ಅದು ಸುಳ್ಳು. ಆ ಮಾತು ನಂಬಿ ಬಯಾಪ್ಸಿ ತಪ್ಪಿಸಿಕೊಂಡು, ನಿಜವಾದ ಕ್ಯಾನ್ಸರನ್ನೇ ಬೆಳೆಸಿಕೊಂಡು ಬಂದವರನ್ನು ನೋಡಿದಾಗ ಸಂಕಟವಾಗುತ್ತದೆ. ನಿಮ್ಮ ಈ ಕಾಯಿಲೆ ಮುಂದೆ ಕ್ಯಾನ್ಸರಾಗಿ ತಿರುಗುತ್ತದೆ ಅನ್ನುವುದಕ್ಕೂ ಆಧಾರ ಇಲ್ಲ. ಆದರೆ ಚಿಕಿತ್ಸೆಗೆ ಒಂದಿಷ್ಟೂ ಬಗ್ಗದೆ ಬೆಳೆಯುತ್ತಲೇ ಹೋದರೆ ಬಯಾಪ್ಸಿಯನ್ನು ಇನ್ನೊಮ್ಮೆ ಮಾಡಬೇಕು.

ಟಿಬಿ ಹೌದೋ ಅಲ್ಲವೋ

ನಿಮ್ಮ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎದೆಯಲ್ಲೂ ಟಿಬಿ ಬರುತ್ತದೆ. ನಮ್ಮ ದೇಶದಲ್ಲಿ ಟಿಬಿ ಜಾಸ್ತಿ ಇರುವುದರಿಂದ ಡಾಕ್ಟರಿಗೆ ಅನುಮಾನ ಬಂದದ್ದು ತಪ್ಪಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಅಣ್ಣತಮ್ಮಂದಿರಂತೆ ಇರುತ್ತವೆ. ಆದರೂ ವ್ಯತ್ಯಾಸ ಇದೆ. ಟಿಬಿಯಲ್ಲಿ ಆ ಜೀವಕೋಶದ ಗುಂಪಿನ ನಡುಭಾಗ ಸಾಮಾನ್ಯವಾಗಿ ಸತ್ತು ಗಿಣ್ಣಿನಂತೆ ಆಗಿರುತ್ತದೆ. ನಿಮ್ಮ ಕಾಯಿಲೆಯಲ್ಲಿ ಹಾಗಿರುವುದಿಲ್ಲ, ಗುಂಪುಗಳು ಹಾಲಿನ ಗ್ರಂಥಿಯ ಸುತ್ತಲೇ ಸೇರಿಕೊಂಡಿರುತ್ತವೆ, ಜೊತೆಗೆ ಕೀವಿನ ಕಣಗಳು ಇರುತ್ತವೆ. ನಿಮ್ಮ ವರದಿಯಲ್ಲಿ ಬರೆದಿರುವುದು ಈ ಎರಡನೆಯ ಚಿತ್ರ.

ಟಿಬಿ ಅನ್ನಲು ಸಾಕ್ಷಿ ಬೇಕು. ಎದೆಯ ಮಾಂಸದಲ್ಲೋ ಕೀವಿನಲ್ಲೋ ಟಿಬಿ ಕ್ರಿಮಿಯನ್ನೇ ಹುಡುಕುವ ಸಿಬಿನಾಟ್ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಟಿಬಿ ಕೇಂದ್ರಗಳಲ್ಲಿ ಇದು ಉಚಿತ, ಯಂತ್ರಕ್ಕೆ ಹಾಕಿದರೆ ಎರಡು ಗಂಟೆ ಸಾಕು. ಜೊತೆಗೆ ಟಿಬಿ ಕಲ್ಚರ್‌ಗೂ ಕಳಿಸಬೇಕು. ಅದಕ್ಕೆ ಆರು ವಾರದವರೆಗೆ ಬೇಕಾಗುತ್ತದೆ. ಶ್ವಾಸಕೋಶ ನೋಡಲು ಎದೆಯ ಎಕ್ಸ್‌ರೇ ಬೇಕು. ನಿಮ್ಮ ಕಾಗದಗಳಲ್ಲಿ ನನಗೆ ಕಂಡದ್ದು ಮಾಂಟೂ ಪರೀಕ್ಷೆ ಒಂದೇ. ಕೈಗೆ ಚುಚ್ಚಿ ಊತ ಅಳೆಯುತ್ತಾರಲ್ಲ, ಅದು. ನಮ್ಮ ದೇಶದಲ್ಲಿ ಆರೋಗ್ಯವಾಗಿರುವ ಎಷ್ಟೋ ಜನರಿಗೆ ಅದು ಪಾಸಿಟಿವ್ ಬರುತ್ತದೆ. ಯಾವಾಗಲೋ ಟಿಬಿ ಕ್ರಿಮಿ ಮೈಗೆ ಸೋಕಿತ್ತು ಅಂತ ಮಾತ್ರ ಅದು ಹೇಳುತ್ತದೆ. ಈ ಗಂಟು ಟಿಬಿಯದು ಅಂತ ಹೇಳುವುದಿಲ್ಲ.

ಹಾಗಂತ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಜಕ್ಕೂ ಟಿಬಿ ಇದ್ದರೆ ಅರ್ಧಕ್ಕೆ ಬಿಟ್ಟ ಮಾತ್ರೆ ಮುಂದೆ ಕೆಲಸ ಮಾಡದೆ ಹೋಗಬಹುದು. ಬಯಾಪ್ಸಿ ಮಾಡಿದ ಲ್ಯಾಬ್‌ಗೆ ಹೋಗಿ ನಿಮ್ಮ ಬಯಾಪ್ಸಿಯ ಮಾಂಸ ಇಟ್ಟಿರುವ ಮೇಣದ ಬ್ಲಾಕ್ ಮತ್ತು ಸ್ಲೈಡ್ ಕೇಳಿ. ಅವರು ಅದನ್ನು ಇಟ್ಟಿರುತ್ತಾರೆ, ಎರಡನೇ ಅಭಿಪ್ರಾಯಕ್ಕೆ ಅಂದರೆ ಕೊಡುತ್ತಾರೆ. ಮೆಡಿಕಲ್ ಕಾಲೇಜಿನ ಪೆಥಾಲಜಿ ವಿಭಾಗದಲ್ಲಿ ಇನ್ನೊಬ್ಬರು ನೋಡಲಿ. ಮಂಡ್ಯದ ಮಿಮ್ಸ್ ನಿಮಗೆ ಹತ್ತಿರ. ಹೊಸದಾಗಿ ಬರುತ್ತಿರುವ ಕೀವನ್ನು ಸಿಬಿನಾಟ್‌ಗೂ ಕಲ್ಚರ್‌ಗೂ ಕಳಿಸಲಿ. ಈಗಾಗಲೇ ಐದು ವಾರ ಮಾತ್ರೆ ತಗೊಂಡಿರುವುದರಿಂದ ಕಲ್ಚರ್‌ನಲ್ಲಿ ಏನೂ ಬರಲಿಲ್ಲ ಅಂದರೂ ಅದೊಂದರಿಂದಲೇ ಟಿಬಿ ಇಲ್ಲ ಅನ್ನಲು ಆಗುವುದಿಲ್ಲ. ಮೇಣದ ಬ್ಲಾಕ್‌ಗೆ ಬೆಲೆ ಇರುವುದು ಅದಕ್ಕೇ, ಅದು ಮಾತ್ರೆ ಶುರುವಾಗುವ ಮುಂಚಿನದು. ಎಲ್ಲ ಕೈಗೆ ಬಂದಮೇಲೆ ಮಾತ್ರೆ ಕೊಟ್ಟ ಡಾಕ್ಟರ್ ಜೊತೆ ಕೂತು ಮುಂದುವರಿಸಬೇಕೋ ನಿಲ್ಲಿಸಬೇಕೋ ತೀರ್ಮಾನ ಮಾಡಿ. 'ಯಾವ ಸಾಕ್ಷಿಯ ಮೇಲೆ ಟಿಬಿ ಅಂದಿರಿ ಸಾರ್' ಅಂತ ಕೇಳಲು ಹಿಂಜರಿಯಬೇಡಿ. ಅದು ಕೇಳಲೇಬೇಕಾದ ಪ್ರಶ್ನೆ.

'ಟಿಬಿ ಮಾತ್ರೆಯಿಂದ ಸ್ವಲ್ಪ ವಾಸಿ ಆಯ್ತಲ್ಲ, ಹಾಗಾದರೆ ಟಿಬಿನೇ ಇರಬೇಕು' ಅಂತ ಕೆಲವರು ಹೇಳುತ್ತಾರೆ. ಹಾಗೆ ಹೇಳಲು ಬರುವುದಿಲ್ಲ. ಈ ಕಾಯಿಲೆ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಟಿಬಿ ಮಾತ್ರೆಯಲ್ಲಿರುವ ರಿಫಾಂಪಿಸಿನ್ ನಾನು ಆಗಲೇ ಹೇಳಿದ ಆ ಬ್ಯಾಕ್ಟೀರಿಯಾದ ಮೇಲೂ ಕೆಲಸ ಮಾಡಬಲ್ಲದು.

ಇನ್ನು ಮಗಳ ವಿಷಯ. ಇದನ್ನು ನಿಮ್ಮ ಅತ್ತೆಯವರಿಗೆ ಓದಿ ಹೇಳಿ. ಅಮ್ಮಾ, ಈ ಕಾಯಿಲೆ ಅಂಟುವುದಿಲ್ಲ. ಒಂದು ವೇಳೆ ಎದೆಯ ಟಿಬಿಯೇ ಆಗಿದ್ದರೂ, ಶ್ವಾಸಕೋಶದಲ್ಲಿ ಟಿಬಿ ಇಲ್ಲದಿದ್ದರೆ ಅದು ಉಸಿರಿನಿಂದ ಹರಡುವುದಿಲ್ಲ. ಎಕ್ಸ್‌ರೇ ಚೆನ್ನಾಗಿದೆ ಅಂತ ಗೊತ್ತಾದ ದಿನವೇ ಮಗುವನ್ನು ತಾಯಿಯ ಪಕ್ಕ ಮಲಗಿಸಿ. ಗಾಯವನ್ನು ಬಟ್ಟೆ ಕಟ್ಟಿ ಮುಚ್ಚಿದ್ದರೆ ಸಾಕು. ಸೊಸೆಗೆ ಈಗ ಮಗು ಪಕ್ಕದಲ್ಲಿರುವುದು ಬೇಕು.

ಆ ಗ್ಯಾಸ್ಟ್ರಿಕ್ ಮಾತ್ರೆ

ಬೇರೆ ಯಾರೂ ಇದನ್ನು ಕೇಳಿಲ್ಲ ಅಂತ ಕಾಣುತ್ತದೆ. ಮಾತ್ರೆಯ ಪಟ್ಟಿಯ ಫೋಟೋ ಕಳಿಸಿದ್ದು ಒಳ್ಳೆಯದಾಯಿತು. ಅದರಲ್ಲಿ ಎರಡು ಔಷಧಿ ಸೇರಿದೆ. ಒಂದು ಆಮ್ಲ ಕಡಿಮೆ ಮಾಡುವುದು, ಅದರಿಂದ ಈ ತೊಂದರೆ ಇಲ್ಲ. ಇನ್ನೊಂದು ಲೆವೊಸಲ್ಪಿರೈಡ್. ಅದು ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನನ್ನು ಏರಿಸುತ್ತದೆ. ಎದೆಯಲ್ಲಿ ಹಾಲು ಬರಿಸುವ ಹಾರ್ಮೋನ್ ಅದು. ವಾಂತಿಗೆ ಕೊಡುವ ಡಾಂಪೆರಿಡೋನ್ ಕೂಡ ಹಾಗೇ. ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್, ಅಮಿಸಲ್ಪ್ರೈಡ್ ಕೂಡ ಹಾಗೇ. ಥೈರಾಯ್ಡ್ ಕಡಿಮೆ ಇದ್ದರೂ ಅದು ಏರುತ್ತದೆ. ಹಾಲು ಬಿಡಿಸಿ ವರ್ಷಗಳಾದರೂ ಗ್ರಂಥಿ ದ್ರವ ಸುರಿಸುತ್ತಿದ್ದರೆ ಈ ಉರಿಯೂತಕ್ಕೆ ಮೇವು ಸಿಗುತ್ತಲೇ ಇರುತ್ತದೆ.

ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಇಂಥ ಮಾತ್ರೆ ತಗೊಂಡು ವರ್ಷಗಟ್ಟಲೆ ನುಂಗುವವರು ನಮ್ಮಲ್ಲಿ ಬಹಳ. ಹೊತ್ತಿಗೆ ಸರಿಯಾಗಿ ಊಟ ಇಲ್ಲದ ಗಾರ್ಮೆಂಟ್ಸ್ ಕೆಲಸದವರಲ್ಲಂತೂ ಕೇಳುವುದೇ ಬೇಡ. ನಿಮ್ಮನ್ನು ದೂರುತ್ತಿಲ್ಲ. ಪ್ರೊಲ್ಯಾಕ್ಟಿನ್ ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಗ್ಯಾಸ್ಟ್ರಿಕ್‌ಗೆ ಬೇರೆ ಮಾತ್ರೆ ಬರೆಸಿಕೊಳ್ಳಿ. ಮಾತ್ರೆ ಬಿಟ್ಟಮೇಲೂ ಪ್ರೊಲ್ಯಾಕ್ಟಿನ್ ಜಾಸ್ತಿಯೇ ಇದ್ದರೆ ಕ್ಯಾಬರ್ಗೋಲಿನ್ ಅನ್ನುವ ಮಾತ್ರೆಯಿಂದ ಇಳಿಸಬಹುದು. ಮಾನಸಿಕ ಕಾಯಿಲೆಗೆ ಔಷಧಿ ತಗೊಳ್ಳುವವರು ಮಾತ್ರ ಇದನ್ನು ಓದಿ ತಾವಾಗಿಯೇ ನಿಲ್ಲಿಸಬಾರದು. ಮನೋವೈದ್ಯರಿಗೆ ಹೇಳಿದರೆ ಅವರು ಬದಲಾಯಿಸಿ ಕೊಡುತ್ತಾರೆ.

ಚಿಕಿತ್ಸೆ: ಯಾವ ದಾರಿ?

ಚಾಕು ಕೊನೆಗೆ. ಈ ಕಾಯಿಲೆ ಇರುವವರಿಗೆ ನಾನು ಮತ್ತೆ ಮತ್ತೆ ಹೇಳುವ ಮಾತು ಇದೇ. ಕೆರಳಿರುವ ಎದೆಯನ್ನು ಕೊಯ್ದರೆ ಆ ಗಾಯವೇ ಹೊಸ ಕಾಯಿಲೆಯಾಗುತ್ತದೆ. ಒಣಗುವುದಿಲ್ಲ, ಪಕ್ಕದಲ್ಲಿ ತೂತು ಬೀಳುತ್ತದೆ, ಎದೆಯ ಆಕಾರ ಹಾಳಾಗುತ್ತದೆ. ನಿಮಗೆ ಆಗಿರುವುದೂ ಅದೇ. ಕೀವು ತುಂಬಿಕೊಂಡರೆ ಸ್ಕ್ಯಾನ್ ನೋಡಿಕೊಂಡು ಸೂಜಿಯಲ್ಲಿ ಎಳೆದು ತೆಗೆಯಬಹುದು. ಬೇಕಾದರೆ ಎರಡು ಮೂರು ಸಲ. ಎಲ್ಲ ತಣ್ಣಗಾಗಿ, ಸಣ್ಣ ಗಂಟೋ ಮುಚ್ಚದ ತೂತೋ ಉಳಿದರೆ ಅಷ್ಟನ್ನು ಮಾತ್ರ ತೆಗೆಯುವ ಆಪರೇಷನ್ ಆಗ ಮಾಡಬಹುದು. ಈ ಕಾಯಿಲೆಗೆ ಪೂರ್ತಿ ಎದೆ ತೆಗೆಯಬೇಕಾಗಿ ಬರುವುದು ತೀರಾ ಅಪರೂಪ.

ಒಂದು ದಾರಿ, ಸುಮ್ಮನೆ ಕಾಯುವುದು. ಕೇಳಲು ವಿಚಿತ್ರ ಅನ್ನಿಸಬಹುದು. ಆದರೆ ಈ ಕಾಯಿಲೆ ಬಹಳಷ್ಟು ಜನರಲ್ಲಿ ತಾನಾಗಿಯೇ ಹೋಗುತ್ತದೆ. ಆರು ತಿಂಗಳಿಂದ ಎರಡು ವರ್ಷದವರೆಗೆ ಹಿಡಿಯಬಹುದು. ಗಂಟು ಚಿಕ್ಕದಿದ್ದು, ನೋವು ಕಡಿಮೆ ಇದ್ದು, ತಿಂಗಳಿಗೊಮ್ಮೆ ತೋರಿಸಲು ಬರುತ್ತೇನೆ ಅನ್ನುವವರಿಗೆ ನಾನು ನೋವಿನ ಮಾತ್ರೆ ಮಾತ್ರ ಕೊಟ್ಟು ಕಾಯುತ್ತೇನೆ. ನಿಮ್ಮಷ್ಟು ನೋವಿರುವವರಿಗೆ, ಎರಡು ಕಡೆ ಕೀವು ಸೋರುತ್ತಿರುವವರಿಗೆ ಬರೀ ಕಾಯಿರಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಆ ಬ್ಯಾಕ್ಟೀರಿಯಾ ಸಿಕ್ಕರೆ ಡಾಕ್ಸಿಸೈಕ್ಲಿನ್ ಅಥವಾ ಕ್ಲಾರಿತ್ರೊಮೈಸಿನ್‌ನಂಥ, ಕೊಬ್ಬಿನೊಳಗೆ ಇಳಿಯುವ ಆಂಟಿಬಯಾಟಿಕ್ ಬೇಕು, ಅದೂ ವಾರಗಟ್ಟಲೆ. ಐದು ದಿನದ ಕೋರ್ಸ್‌ಗೆ ಆಗುವುದಿಲ್ಲ.

ಸ್ಟೀರಾಯ್ಡ್ ಅಂದರೆ ಎಲ್ಲರಿಗೂ ಭಯ. ಭಯ ಪೂರ್ತಿ ಸುಳ್ಳೂ ಅಲ್ಲ. ಪ್ರೆಡ್ನಿಸೊಲೋನ್ ಮಾತ್ರೆ ಕೊಟ್ಟರೆ ಎರಡು ಮೂರು ವಾರದಲ್ಲಿ ನೋವು, ಕೆಂಪು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಕಾಲಿನ ಕೆಂಪು ಗಂಟುಗಳೂ ಕರಗುತ್ತವೆ. ಅವು ಇದೇ ಕಾಯಿಲೆಯ ಭಾಗ, ಕೆಲವರಿಗೆ ಪಾದದ ಕೀಲೂ ಊದಿಕೊಳ್ಳುತ್ತದೆ. ತೊಂದರೆ ಬರುವುದು ಆಮೇಲೆ. ವಾಸಿಯಾಯಿತು ಅಂತ ನಿಲ್ಲಿಸಿಬಿಡುತ್ತಾರೆ. ಒಳಗಿರುವುದು ಬೂದಿ ಮುಚ್ಚಿದ ಕೆಂಡ. ತಿಂಗಳೊಳಗೆ ಮತ್ತೆ ಭುಗಿಲೇಳುತ್ತದೆ. ಅದೂ ಅಲ್ಲದೆ ವಾರಗಟ್ಟಲೆ ತಗೊಂಡ ಸ್ಟೀರಾಯ್ಡನ್ನು ಒಮ್ಮೆಗೇ ಬಿಟ್ಟರೆ ಮೈಯ ಶಕ್ತಿಯೇ ಕುಸಿಯಬಹುದು. ಅದನ್ನು ಮೂರರಿಂದ ಆರು ತಿಂಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಅಷ್ಟು ದಿನ ಸಕ್ಕರೆ, ಬಿಪಿ ನೋಡುತ್ತಿರಬೇಕು. ಮುಖ ದುಂಡಗಾಗುತ್ತದೆ, ತೂಕ ಏರುತ್ತದೆ, ನಿದ್ದೆ ಕೆಡುತ್ತದೆ, ಹೊಟ್ಟೆ ಉರಿಯುತ್ತದೆ, ಮೂಳೆ ಸವೆಯುತ್ತದೆ. ಮಾತ್ರೆ ಇಳಿಸಿದ ಹಾಗೆ ಮುಖ, ತೂಕ ಮೊದಲಿನಂತಾಗುತ್ತವೆ. ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡುತ್ತೇವೆ.

ಇಲ್ಲೇ ಮತ್ತೆ ಟಿಬಿ ಪ್ರಶ್ನೆ ಬರುತ್ತದೆ. ಟಿಬಿ ಇರುವವರಿಗೆ ಗೊತ್ತಿಲ್ಲದೆ ಬರೀ ಸ್ಟೀರಾಯ್ಡ್ ಕೊಟ್ಟರೆ ಟಿಬಿ ಮೈಯೆಲ್ಲ ಹರಡಬಹುದು. ರಿಫಾಂಪಿಸಿನ್ ಜೊತೆಗೆ ಕೊಟ್ಟರೆ ಸ್ಟೀರಾಯ್ಡ್‌ನ ಬಲ ಕುಗ್ಗುತ್ತದೆ. ಅದಕ್ಕೇ ಟಿಬಿ ವಿಷಯ ಮೊದಲು ಇತ್ಯರ್ಥ ಆಗಲಿ, ಆಮೇಲೆ ಸ್ಟೀರಾಯ್ಡ್ ಅಂತ ನಾನು ಪಟ್ಟು ಹಿಡಿಯುತ್ತಿರುವುದು. ಕೆಲವು ವಾರ ತಡವಾದರೂ ಪರವಾಗಿಲ್ಲ.

ನಿಮ್ಮ ಹಾಗೆ ಒಂದೇ ಕಡೆ ಗಂಟಿರುವವರಿಗೆ ಇನ್ನೊಂದು ದಾರಿಯೂ ಇದೆ. ಸ್ಕ್ಯಾನ್ ನೋಡಿಕೊಂಡು ಸ್ಟೀರಾಯ್ಡನ್ನು ನೇರ ಗಂಟಿಗೇ ಚುಚ್ಚುವುದು, ಸುಮಾರು ನಾಲ್ಕು ವಾರಕ್ಕೊಮ್ಮೆ. ಇಡೀ ಮೈಗೆ ಹೋಗುವ ಔಷಧಿ ಕಡಿಮೆ, ಅಡ್ಡ ಪರಿಣಾಮವೂ ಕಡಿಮೆ. ಚುಚ್ಚಿದಾಗ ನೋವಿರುತ್ತದೆ, ಕೆಲವರಿಗೆ ಆ ಜಾಗದ ಚರ್ಮ ತೆಳುವಾಗುತ್ತದೆ. ಟಿಬಿ ಇಲ್ಲ ಅಂತ ಖಾತ್ರಿಯಾದರೆ ನಿಮಗೆ ನಾನು ಮೊದಲು ಇದನ್ನೇ ಹೇಳುತ್ತೇನೆ.

ಮತ್ತೆ ಮತ್ತೆ ಮರುಕಳಿಸುವವರಿಗೆ, ಸ್ಟೀರಾಯ್ಡ್ ಆಗದವರಿಗೆ ಮೆಥೊಟ್ರೆಕ್ಸೇಟ್ ಇದೆ. ಒಳ್ಳೆಯ ಔಷಧಿ. ಆದರೆ ಇದು ವಾರಕ್ಕೆ ಒಂದೇ ದಿನ ತಗೊಳ್ಳುವ ಮಾತ್ರೆ. ತಿಳಿಯದೆ ದಿನಾ ನುಂಗಿದರೆ ಜೀವಕ್ಕೇ ಅಪಾಯ. ಸೋಮವಾರವೋ ಮಂಗಳವಾರವೋ, ಯಾವ ದಿನ ಅಂತ ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ. ಜೊತೆಗೆ ಫೋಲಿಕ್ ಆಸಿಡ್ ಬೇಕು, ರಕ್ತ ಮತ್ತು ಲಿವರ್ ಪರೀಕ್ಷೆ ಆಗಾಗ ಆಗಬೇಕು. ಇದನ್ನು ತಗೊಳ್ಳುವಾಗ ಬಸುರಾಗಲೇಬಾರದು, ನಿಲ್ಲಿಸಿದ ಮೇಲೂ ಮೂರು ತಿಂಗಳು ಕಾಯಬೇಕು. ಗರ್ಭನಿರೋಧಕ ಗುಳಿಗೆ ತಗೊಳ್ಳುತ್ತಿದ್ದರೆ ಒಂದು ಮಾತು: ಟಿಬಿ ಮಾತ್ರೆ ಜೊತೆಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಕಾಪರ್-ಟಿ ವಾಸಿ.

ದಿನದಿನದ ಪಾಡು

ಗಾಯವನ್ನು ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸಲೈನ್ ನೀರಿನಲ್ಲಿ ತೊಳೆಯಿರಿ. ದಿನಾ ಸ್ನಾನ ಮಾಡಿ, ನೀರು ಬಿದ್ದರೆ ಏನೂ ಆಗುವುದಿಲ್ಲ. ಹಿಂಡಬೇಡಿ. ಅರಿಶಿನ, ಎಕ್ಕದ ಎಲೆ, ಸ್ಪಿರಿಟ್ ಬೇಡ. ಹಾಲು ಬತ್ತಿಸಲು ಎದೆಗೆ ಮಲ್ಲಿಗೆ ಕಟ್ಟುವುದು ನಮ್ಮ ಕಡೆ ಹಳೆಯ ರೂಢಿ, ಹಾಲು ಬಿಡಿಸುವಾಗ ಅದು ಸರಿ. ಬಾಯಿ ಬಿಟ್ಟ ಗಾಯದ ಮೇಲೆ ಯಾವ ಹೂವೂ ಬೇಡ. ಕೆಲಸಕ್ಕೆ ಹೋಗುವಾಗ ಗಾಜ್ ಮೇಲೆ ತೆಳುವಾದ ಸ್ಯಾನಿಟರಿ ಪ್ಯಾಡ್ ಇಟ್ಟು, ಮೆತ್ತನೆಯ ಹತ್ತಿಯ ಬ್ರಾ ಹಾಕಿಕೊಳ್ಳಿ. ಮಧ್ಯಾಹ್ನದವರೆಗೆ ಬಟ್ಟೆಗೆ ಕೀವು ಸೋರುವುದಿಲ್ಲ. ನನ್ನ ಎಷ್ಟೋ ರೋಗಿಗಳು ಹೀಗೇ ನಿಭಾಯಿಸುತ್ತಾರೆ.

ನಂಜು ಅನ್ನುವ ನಂಬಿಕೆ ಬಗ್ಗೆ ಜಗಳ ಬೇಡ, ಆದರೆ ಮೊಟ್ಟೆ ಬಿಡಿಸುವುದನ್ನು ಒಪ್ಪಲಾರೆ. ಗಾಯ ಕೂಡಿಕೊಳ್ಳಲು ಪ್ರೋಟೀನ್ ಬೇಕೇ ಬೇಕು. ಮುದ್ದೆ, ಕಾಳು ಹಾಕಿದ ಬಸ್ಸಾರು, ಸೊಪ್ಪು, ಮೊಟ್ಟೆ, ಮೊಸರು, ಬದನೆಕಾಯಿ ಎಲ್ಲ ತಿನ್ನಿ. ಇವುಗಳಿಂದ ಈ ಕಾಯಿಲೆ ಹೆಚ್ಚಾಗುವುದಿಲ್ಲ. ಸ್ಟೀರಾಯ್ಡ್ ಶುರುವಾದರೆ ಮಾತ್ರ ಉಪ್ಪು, ಸಕ್ಕರೆ ಕಡಿಮೆ ಮಾಡಿ.

ರಜೆ ಹಾಕಿದರೆ ಸಂಬಳ ಹೋಗುತ್ತದೆ ಅಂತ ಈ ಸ್ಥಿತಿಯಲ್ಲೂ ಮಿಷನ್ ಮುಂದೆ ಕೂರುವವರು ಬಹಳ ಜನ. ನಿಮ್ಮ ಸಂಬಳದಲ್ಲಿ ಇಎಸ್‌ಐ ಹಣ ಹಿಡಿಯುತ್ತಿದ್ದಾರಾ ನೋಡಿ. ಹಿಡಿಯುತ್ತಿದ್ದರೆ, ನಿಗದಿಯಾದಷ್ಟು ದಿನದ ಕಂತು ಕಟ್ಟಿದ್ದರೆ, ಇಎಸ್‌ಐ ಡಾಕ್ಟರ್ ಸರ್ಟಿಫಿಕೇಟ್ ಮೇಲೆ ವರ್ಷಕ್ಕೆ 91 ದಿನದವರೆಗೆ ಶೇಕಡ 70ರಷ್ಟು ಸಂಬಳ ಸಿಗುತ್ತದೆ. ಅದು ನಿಮ್ಮ ದುಡ್ಡಿನಿಂದಲೇ ಬಂದ ಹಕ್ಕು.

ಮಕ್ಕಳಿಗೆ ಬರುತ್ತಾ ಅಂತ ಕೇಳಿದಿರಿ. ಇದು ತಾಯಿಯಿಂದ ಮಗಳಿಗೆ ಇಳಿದುಬರುವ ಕಾಯಿಲೆಯಲ್ಲ. ಅವರಿಗೆ ಯಾವ ಪರೀಕ್ಷೆಯೂ ಬೇಡ. ನಿಮಗೆ ಮುಂದೆ ಇನ್ನೊಂದು ಮಗು ಬೇಕೆನಿಸಿದರೂ ಅಡ್ಡಿಯಿಲ್ಲ, ಎದೆ ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಬಸುರಿನಲ್ಲಿ ಕೆಲವರಿಗೆ ಮರುಕಳಿಸುತ್ತದೆ, ಆಗ ಮೊದಲ ತಿಂಗಳಿಂದಲೇ ತೋರಿಸಿಕೊಂಡಿರಬೇಕು. ಬಲಗಡೆ ಎದೆಯಲ್ಲೂ ಹೀಗೇ ಗಂಟು ಬರುವುದುಂಟು. ಬಂದರೆ ಗಾಬರಿಯಾಗಬೇಡಿ, ಆದರೆ ಕೊಯ್ಯಲು ಬಿಡದೆ ನೇರ ತೋರಿಸಿ.

ಚಳಿಜ್ವರ ಬಂದರೆ, ಕೆಂಪು ಒಂದೆರಡು ದಿನದಲ್ಲೇ ಹರಡಿದರೆ, ಕಣ್ಣು ಹಳದಿಯಾದರೆ ಅಥವಾ ತಿಂದದ್ದೆಲ್ಲ ವಾಂತಿಯಾದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಟಿಬಿ ಮಾತ್ರೆ ಲಿವರ್‌ಗೆ ತೊಂದರೆ ಮಾಡಬಹುದು. ಮೂತ್ರ ಕಿತ್ತಳೆ ಬಣ್ಣ ಬರುವುದು ಮಾತ್ರ ರಿಫಾಂಪಿಸಿನ್‌ನಿಂದ, ಅದಕ್ಕೆ ಹೆದರಬೇಡಿ. ಇಷ್ಟು ಏನೂ ಇಲ್ಲದಿದ್ದರೆ ಈ ವಾರ ಮಾಡಬೇಕಾದದ್ದು: ಬ್ಲಾಕ್ ಮತ್ತು ಸ್ಲೈಡ್ ತರುವುದು, ಎಕ್ಸ್‌ರೇ ತೆಗೆಸುವುದು, ಪ್ರೊಲ್ಯಾಕ್ಟಿನ್, ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆಗೆ ರಕ್ತ ಕೊಡುವುದು, ಕೀವನ್ನು ಸಿಬಿನಾಟ್‌ಗೆ ಕಳಿಸುವುದು. ಡಾಕ್ಟರ್ ಹತ್ತಿರ ಹೋಗುವಾಗ ಆ ಗ್ಯಾಸ್ಟ್ರಿಕ್ ಮಾತ್ರೆಯ ಪಟ್ಟಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.